ಕೈ ನಮ್ಮದು, ತೋಟ ಯಾರದು?



ನಮ್ಮ ಕೇರಿಗಳಿಗೆ ಈಗ ಒಂದು ಹೊಸ ಉಪದೇಶ ಬಂದಿದೆ. ಹಿಂದಿನ ಉಪದೇಶಗಳು ನಿಮಗೆ ಗೊತ್ತೇ ಇವೆ. ಹೆಂಡ ಬಿಡಿ, ದಿನಾ ಸ್ನಾನ ಮಾಡಿ, ಮಕ್ಕಳು ಕಡಿಮೆ ಮಾಡ್ಕೊಳ್ಳಿ. ಈಗಿನದು ಕೈತೋಟ ಮಾಡಿ ಅನ್ನೋದು. ಇಲಾಖೆ ಗಾಡಿಯಲ್ಲಿ ಸಾಹೇಬರು ಬರ್ತಾರೆ. ಶಾಲೆ ಅಂಗಳದಲ್ಲಿ ಶಾಮಿಯಾನ ಹಾಕ್ತಾರೆ. ನಮ್ಮ ಹೆಂಗಸರನ್ನ ಸಾಲಾಗಿ ಕೂರಿಸಿ ರಕ್ತಹೀನತೆ ಅಂದರೇನು, ಕಬ್ಬಿಣದ ಅಂಶ ಅಂದರೇನು ಅಂತ ಪಾಠ ಹೇಳ್ತಾರೆ. ಕೊನೆಗೆ ತಲೆಗೊಂದು ಬೀಜದ ಪೊಟ್ಟಣ. ಬೆಂಡೆ, ಬದನೆ, ಟೊಮೇಟೊ, ದಂಟು, ಮೂಲಂಗಿ. ಫೋಟೊ ಆಯಿತು, ಚಪ್ಪಾಳೆ ಆಯಿತು, ಧೂಳೆಬ್ಬಿಸಿಕೊಂಡು ಗಾಡಿ ಹೋಯಿತು. ಪೊಟ್ಟಣ ಹಿಡಕೊಂಡು ನಿಂತ ಮುದುಕಿ ಕೇಳ್ತಾಳೆ: "ಇದನ್ನ ಎಲ್ಲಿ ಹಾಕ್ಲಿ ಮಗಾ, ನನ್ನ ತಲೆ ಮೇಲಾ?"

ಆ ಮುದುಕಿಯ ಪ್ರಶ್ನೆಗೆ ಉತ್ತರ ಹೇಳುವ ಒಂದು ಸಾಲೂ ಆ ಸಾಹೇಬರ ಕೈಲಿರುವ ಕರಪತ್ರದಲ್ಲಿ ಇಲ್ಲ. ಅದಕ್ಕೇ ಇದನ್ನ ಬರೀತಾ ಇದ್ದೀನಿ.

ರಕ್ತಹೀನತೆ ಸುಳ್ಳು ಅಂತ ನಾನು ಹೇಳ್ತಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ ರಕ್ತ ಸಾಲದು. ನಮ್ಮ ಕೇರಿಯ ಹೆಂಗಸರ ಕಣ್ಣರೆಪ್ಪೆ ಎಳೆದು ನೋಡಿದರೆ ಸಮೀಕ್ಷೆಯೂ ಬೇಕಾಗಿಲ್ಲ. ಆದರೆ ರೋಗ ಹೇಳುವವನು ರೋಗದ ಕಾರಣವನ್ನೂ ಹೇಳಬೇಕು. ಸೊಪ್ಪು ತಿನ್ನಬೇಕು ಅನ್ನೋದು ಗೊತ್ತಿಲ್ಲದೆ ನಮ್ಮ ಅವ್ವಂದಿರು ಬಿಳಿಚಿಕೊಂಡಿದ್ದಾರಾ? ಬಯಲುಸೀಮೆಯಲ್ಲಿ ಸೊಪ್ಪು ತಿನ್ನೋದನ್ನ ಕಲಿಸಿದವರೇ ಅವರಲ್ಲವಾ?

ಮೊದಲು ಜಾಗದ ಲೆಕ್ಕ ನೋಡಿ. 40 ಗುಂಟೆ ಸೇರಿದರೆ ಒಂದು ಎಕರೆ. ಒಂದು ಗುಂಟೆ ಅಂದರೆ 33 ಅಡಿಗೆ 33 ಅಡಿ, 1089 ಚದರ ಅಡಿ. ಸರ್ಕಾರ ನಮಗೆ ಕೊಟ್ಟ ನಿವೇಶನ ಎಷ್ಟು? ಕೆಲವು ಕಡೆ 20ಕ್ಕೆ 30, ಪುಣ್ಯವಿದ್ದರೆ 30ಕ್ಕೆ 40. ಅಂದರೆ ಅರ್ಧ ಗುಂಟೆಗಿಂತ ಸ್ವಲ್ಪ ಜಾಸ್ತಿ, ಇಲ್ಲಾ ಒಂದು ಗುಂಟೆಗಿಂತ ಸ್ವಲ್ಪ ಜಾಸ್ತಿ. ಅದರಲ್ಲೇ ಮನೆ, ಬಚ್ಚಲು, ಕಕ್ಕಸು, ಕುರಿ ಕಟ್ಟೋ ಜಾಗ, ಸೌದೆ ಒಟ್ಟೋ ಜಾಗ. ಮಗನಿಗೆ ಮದುವೆ ಆದರೆ ಅದರಲ್ಲೇ ಇನ್ನೊಂದು ರೂಮು. ಉಳಿದದ್ದರಲ್ಲಿ ತೋಟ ಮಾಡಬೇಕಂತೆ! ಊರೊಳಗಿನ ಮನೆಗಳಿಗೆ ಹೋಗಿ ನೋಡಿ. ಹಿತ್ತಲು ಅಂದರೆ ಬಾಳೆ, ತೆಂಗು, ನಿಂಬೆ, ಕರಿಬೇವು, ಹೂವಿನ ಗಿಡ, ಒಂದು ಬಾವಿ. ನಮ್ಮ ಮನೆಗೆ ಹಿತ್ತಲೂ ಇಲ್ಲ, ಹಿತ್ತಲ ಬಾಗಿಲೂ ಇಲ್ಲ. ನಮ್ಮ ಗೋಡೆ ಹಿಂದೆ ಇರೋದು ಪಕ್ಕದವನ ಗೋಡೆ.

ಇಡೀ ದೇಶದಲ್ಲಿ ಪರಿಶಿಷ್ಟ ಜಾತಿಯವರು 2011ರ ಜನಗಣತಿ ಪ್ರಕಾರ ಶೇ. 16.6. 2015-16ರ ಕೃಷಿ ಗಣತಿಯಲ್ಲಿ ಅವರು ಉಳುತ್ತಿದ್ದ ಭೂಮಿ ಶೇ. 9ಕ್ಕಿಂತ ಕಡಿಮೆ. ಕರ್ನಾಟಕದಲ್ಲೂ ನಮಗೆ ಕಾನೂನು ಬೇಕಾದಷ್ಟಿವೆ. 1969ರ ಭೂ ಮಂಜೂರಾತಿ ನಿಯಮದಲ್ಲಿ, ಹಂಚಲು ಸಿಗುವ ಸರ್ಕಾರಿ ಜಮೀನಿನಲ್ಲಿ ಶೇ. 50 ಪರಿಶಿಷ್ಟ ಜಾತಿ ವರ್ಗಗಳಿಗೆ ಅಂತ ಬರೆದಿದೆ. ಮಂಜೂರಾದ ಜಮೀನು ಕೈ ತಪ್ಪಬಾರದು ಅಂತ 1978ರಲ್ಲಿ ಪಿಟಿಸಿಎಲ್ ಕಾಯ್ದೆ ಬಂತು, 2023ರಲ್ಲಿ ಅದಕ್ಕೆ ತಿದ್ದುಪಡಿಯೂ ಆಯಿತು. ಇನ್ನೊಂದು ಕಡೆ 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನೇ ಕಿತ್ತುಹಾಕಿದರು. ಅಂದರೆ ದುಡ್ಡಿರೋ ಯಾವನಾದರೂ ಬಂದು ಬೇಸಾಯದ ಭೂಮಿ ಕೊಳ್ಳಬಹುದು ಅಂತ ಆಯಿತು. ಒಂದು ಕೈಲಿ ಬೀಜದ ಪೊಟ್ಟಣ ಕೊಟ್ಟವರೇ ಇನ್ನೊಂದು ಕೈಲಿ ನೆಲದ ಬೇಲಿ ಕಿತ್ತರು. ಇದನ್ನ ನಮ್ಮ ಹುಡುಗರು ಅರ್ಥ ಮಾಡ್ಕೋಬೇಕು.

ಈಗ ನೀರು.

"ಒಣ ಪ್ರದೇಶ ಸ್ವಾಮಿ, ನೀರೇ ಇಲ್ಲ, ತರಕಾರಿ ಎಲ್ಲಿ ಬೆಳೀತೀರಿ" ಅಂತ ಇನ್ನೊಂದು ಜಾತಿಯ ಬುದ್ಧಿವಂತರು ಹೇಳ್ತಾರೆ. ನೀರಿಲ್ಲ ಅನ್ನೋದು ಅರ್ಧ ಸತ್ಯ. ನೀರು ಯಾರಿಗಿಲ್ಲ ಅನ್ನೋದು ಪೂರ್ತಿ ಸತ್ಯ. ಇದೇ ಕೋಲಾರ ಜಿಲ್ಲೆಯಲ್ಲಿ ಏಷ್ಯಾದ ದೊಡ್ಡ ಟೊಮೇಟೊ ಮಂಡಿಗಳಲ್ಲಿ ಒಂದು ಇದೆ. 2023ರ ಜುಲೈನಲ್ಲಿ ಅಲ್ಲಿ 15 ಕೆಜಿ ಬಾಕ್ಸಿಗೆ ಎರಡು ಸಾವಿರ ರೂಪಾಯಿ ದಾಟಿತ್ತು. ವರ್ಷಪೂರ್ತಿ ಹರಿಯುವ ನದಿ ಇಲ್ಲದ ಜಿಲ್ಲೆಯಲ್ಲಿ ಆ ಟೊಮೇಟೊ ಎಲ್ಲಿಂದ ಬಂತು? ಸಾವಿರ ಅಡಿಗೂ ಕೆಳಗೆ ಬೋರು ಕೊರೆಸಿದವನ ತೋಟದಿಂದ ಬಂತು. ಕಿತ್ತವರು, ಬಾಕ್ಸಿಗೆ ತುಂಬಿದವರು, ಲಾರಿಗೆ ಹೊತ್ತವರು ನಮ್ಮ ಹೆಂಗಸರು, ನಮ್ಮ ಹುಡುಗರು. ಆ ತಿಂಗಳು ಅವರ ಮನೆ ಸಾರಿಗೆ ಬಿದ್ದದ್ದು ಹುಣಿಸೇಹಣ್ಣು. ಬೋರು ಕೊರೆಸಲು ನಮಗೂ ಗಂಗಾ ಕಲ್ಯಾಣ ಇದೆಯಲ್ಲ ಅಂತೀರಾ? ಅದಕ್ಕೆ ಅರ್ಜಿ ಹಾಕಬೇಕಾದರೆ ಮೊದಲು ಪಹಣಿ ಇರಬೇಕು. ಪಹಣಿ ಇಲ್ಲದವನಿಗೆ ಗಂಗೆಯೂ ಇಲ್ಲ, ಕಲ್ಯಾಣವೂ ಇಲ್ಲ.

ಇನ್ನೂ ಕೇಳಿ. 2018ರಲ್ಲಿ ಬೆಂಗಳೂರಿನ ಕೋರಮಂಗಲ ಚಲ್ಲಘಟ್ಟ ಕಣಿವೆಯ ಚರಂಡಿ ನೀರನ್ನ ಎರಡನೇ ಹಂತದವರೆಗೆ ಶುದ್ಧಿ ಮಾಡಿ ಕೋಲಾರದ ಕೆರೆಗಳಿಗೆ ಬಿಡಲು ಶುರು ಮಾಡಿದರು. ದಿನಕ್ಕೆ 440 ದಶಲಕ್ಷ ಲೀಟರ್, ನೂರಕ್ಕೂ ಹೆಚ್ಚು ಕೆರೆ ತುಂಬಿಸುವ ಯೋಜನೆ. ಮೂರನೇ ಹಂತದ ಶುದ್ಧೀಕರಣವೂ ಬೇಕು ಅಂತ ಜಿಲ್ಲೆಯ ಹೋರಾಟಗಾರರು ಕೂಗಿದ್ದಾರೆ, ಆ ಕೂಗು ನ್ಯಾಯವಾದದ್ದು. ಆದರೆ ನಮ್ಮ ಪ್ರಶ್ನೆ ಇನ್ನೊಂದಿದೆ. ಆ ನೀರನ್ನ ನೇರವಾಗಿ ಹೊಲಕ್ಕೆ ಹಾಯಿಸುವಂತಿಲ್ಲ, ನೆಲದೊಳಗೆ ಇಂಗಿ ಅಂತರ್ಜಲ ಏರಬೇಕು ಅನ್ನೋದು ಯೋಜನೆ. ಒಳ್ಳೇದು, ಇಂಗಲಿ. ಇಂಗಿದ ನೀರನ್ನ ಮೇಲೆ ಎತ್ತುವವನು ಯಾರು? ಬೋರು ಇದ್ದವನು. ಬೋರು ಯಾರಿಗಿದೆ? ಜಮೀನು ಇದ್ದವನಿಗೆ. ಸರ್ಕಾರದ ಕಾಸಿನಲ್ಲಿ, ಎಲ್ಲರ ಕೆರೆಗೆ ಬಂದ ನೀರು ನೆಲದೊಳಗೆ ಇಳಿದ ಕೂಡಲೇ ಪಹಣಿ ಇದ್ದವನ ಸ್ವಂತ ಆಸ್ತಿ ಆಗಿಬಿಡುತ್ತದೆ! ಬೆಂಗಳೂರಿನ ಮ್ಯಾನ್‌ಹೋಲಿಗೆ ಇಳಿಯುವವನು ನಮ್ಮವನು. ಆ ನೀರು ಕೋಲಾರಕ್ಕೆ ಹರಿದು ಟೊಮೇಟೊ ಆದಾಗ ಬಾಕ್ಸ್ ಎಣಿಸುವವನು ಇನ್ನೊಬ್ಬ.

ಹಳೇ ಕಾಲದಲ್ಲೂ ಹೀಗೇ ಇತ್ತು. ಈ ಕಡೆಯ ಕೆರೆಗಳ ತೂಬು ಎತ್ತುತ್ತಿದ್ದ ನೀರಗಂಟಿ ಹೆಚ್ಚಿನ ಊರುಗಳಲ್ಲಿ ನಮ್ಮ ಕೇರಿಯವನೇ. ಯಾವ ಗದ್ದೆಗೆ ಎಷ್ಟು ಹೊತ್ತು, ಮೊದಲು ಯಾರಿಗೆ, ಕೊನೆಗೆ ಯಾರಿಗೆ, ಬರ ಬಂದರೆ ಎಷ್ಟು ಗದ್ದೆ ಬಿಡಬೇಕು, ಎಲ್ಲಾ ಅವನ ತಲೆಯಲ್ಲಿ. ಒಂದು ಹನಿ ಪೋಲಾಗದಂತೆ ಇಡೀ ಅಚ್ಚುಕಟ್ಟಿಗೆ ನೀರು ಹಂಚಿದ ಆ ಮನುಷ್ಯ ಸಂಜೆ ಬಂದು ಊರ ಬಾವಿಯಿಂದ ದೂರ ನಿಂತು ಯಾರಾದರೂ ಬೊಗಸೆಗೆ ಹುಯ್ಯಲಿ ಅಂತ ಕಾಯಬೇಕಿತ್ತು. ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಗೆ ನಡೆದದ್ದು 1927ರಲ್ಲಿ. ನೂರು ವರ್ಷ ಹತ್ತಿರ ಬಂದ ಮೇಲೆ, 2022ರ ನವೆಂಬರಿನಲ್ಲಿ, ಚಾಮರಾಜನಗರ ತಾಲ್ಲೂಕಿನ ಹೆಗ್ಗೊಠಾರದಲ್ಲಿ ಮದುವೆಗೆ ಬಂದ ನಮ್ಮ ಹೆಣ್ಣುಮಗಳೊಬ್ಬಳು ತೊಂಬೆ ನಲ್ಲಿಯಲ್ಲಿ ನೀರು ಕುಡಿದಳು ಅಂತ ತೊಂಬೆ ನೀರನ್ನೆಲ್ಲ ಚೆಲ್ಲಿ ಗಂಜಲ ಹಾಕಿ ತೊಳೆದರು. ಬಯಲುಸೀಮೆಯಲ್ಲಿ ನೀರಿಗೆ ಬರ ಅಂತ ಅಳೋ ಜನ ಒಂದು ತೊಂಬೆ ನೀರನ್ನ ಜಾತಿಗೋಸ್ಕರ ನೆಲಕ್ಕೆ ಸುರೀತಾರೆ. ಆ ನೀರು ಹತ್ತು ಮನೆಯ ಬದನೆ ಗಿಡಕ್ಕೆ ಆಗುತ್ತಿತ್ತು.

ಇನ್ನು ಜ್ಞಾನದ ಮಾತು. ಬೆಂಗಳೂರಿನಲ್ಲಿ ತಾರಸಿ ತೋಟದವರು ಅಂತ ಒಂದು ಹೊಸ ಪಂಗಡ ಹುಟ್ಟಿದೆ. ಅವರ ಮೇಲೆ ನನಗೇನೂ ದ್ವೇಷ ಇಲ್ಲ, ಮಾಡಿಕೊಳ್ಳಲಿ. ಆದರೆ ವೇದಿಕೆ ಮೇಲೆ ನಿಂತು "ನಮ್ಮ ಪೂರ್ವಿಕರ ಅಕ್ಕಡಿ ಸಾಲು", "ನಮ್ಮ ಪಾರಂಪರಿಕ ಬೆರಕೆ ಸೊಪ್ಪು" ಅಂತಾರಲ್ಲ, ಆವಾಗ ಮೈ ಉರಿಯುತ್ತದೆ. ಯಾರ ಪೂರ್ವಿಕರು ಸ್ವಾಮಿ? ರಾಗಿ ಹೊಲದಲ್ಲಿ ಅವರೆ, ಅಲಸಂದೆ, ತೊಗರಿ, ಹುಚ್ಚೆಳ್ಳು ಸಾಲು ಹಿಡಿದವರು ಕೂಲಿ ಹೆಂಗಸರು. ಕಳೆ ಕೀಳುವಾಗ ಯಾವುದು ಕಳೆ, ಯಾವುದು ಅಣ್ಣೆಸೊಪ್ಪು, ಯಾವುದು ಗೋಣಿಸೊಪ್ಪು, ಯಾವುದು ಹೊನಗೊನೆ ಅಂತ ಬೇರೆ ಮಾಡಿ ಮಡಿಲಿಗೆ ಹಾಕ್ಕೊಂಡವರು ಅವರೇ. ಕೂಲಿ ಜೊತೆಗೆ ಸಿಕ್ಕಿದ್ದು ಅದೊಂದೇ. ಹೊಲದ ಯಜಮಾನನಿಗೆ ಅದು ಕಸ. ಈಗ ಅದೇ ಕಸ ನಗರದಲ್ಲಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂತು ಸಾವಯವ ಅಂತ ಮೆರೆಯುತ್ತಿದೆ. ಕನ್ನಡ ಕಾವ್ಯದ ಕಡೆ ಒಂದು ಮಾತು, ನಾನೂ ಪದ್ಯ ಬರೆಯುವವನಾದ್ದರಿಂದ: ಅಲ್ಲಿ ಮಲ್ಲಿಗೆ ಇದೆ, ಸಂಪಿಗೆ ಇದೆ, ಉಪವನ ಇದೆ. ಗುಡಿಸಲ ಸೂರಿನ ಮೇಲೆ ಹಬ್ಬಿದ ಸೋರೆಬಳ್ಳಿಗೆ ಜಾಗ ಎಷ್ಟು ಸಿಕ್ಕಿತು ಅಂತ ಎಂ.ಎ. ಕನ್ನಡದ ಗೆಳೆಯರು ಹುಡುಕಿ ಹೇಳಬೇಕು.

ಆ ಸೋರೆಬಳ್ಳಿಯನ್ನೇ ನೋಡಿ. ಬೇರಿಗೆ ಬೇಕಾದದ್ದು ಒಂದು ಮೊಳ ನೆಲ, ಬಚ್ಚಲ ಪಕ್ಕ. ಬಳ್ಳಿಗೆ ಬೇಕಾದ ಜಾಗವನ್ನ ಸೂರು ಕೊಡ್ತದೆ. ಬಿಸಿಲಿಗೆ ಗುಡಿಸಲು ತಂಪಾಗ್ತದೆ. ಭೂಮಿ ಇಲ್ಲದವಳು ಕಂಡುಹಿಡಿದ ಬೇಸಾಯ ಅದು. ಸೂರು ಹೋಗಿ ಶೀಟು ಬಂದ ಮೇಲೆ ಕಾದ ಶೀಟಿಗೆ ಬಳ್ಳಿ ಸುಡ್ತದೆ, ಅದಕ್ಕೆ ಶೀಟಿನ ಮೇಲೆ ಒಂದು ಪದರ ತೆಂಗಿನ ಗರಿ ಹಾಸಬೇಕು. ಇದನ್ನ ಯಾವ ಕೃಷಿ ವಿಶ್ವವಿದ್ಯಾಲಯವೂ ಕೇರಿಗೆ ಬಂದು ಹೇಳಲಿಲ್ಲ. ನಮ್ಮ ಹೆಂಗಸರೇ ಮಾಡಿ ಕಂಡುಕೊಂಡರು.

ಲೆಕ್ಕ ಇಲ್ಲದೆ ಕೂಗಿದರೆ ಯಾರೂ ಕೇಳಲ್ಲ, ಅದಕ್ಕೇ ಲೆಕ್ಕ ಕೊಡ್ತೀನಿ. ಬೇಸಿಗೆಯಲ್ಲಿ ತರಕಾರಿ ಪಾತಿಗೆ ಒಂದು ಚದರ ಮೀಟರಿಗೆ ದಿನಕ್ಕೆ ಸುಮಾರು 5 ಲೀಟರ್ ನೀರು ಬೇಕು. ಒಂದು ಗುಂಟೆ ಪೂರ್ತಿ ಬೆಳೆದರೆ 500 ಲೀಟರ್. ಅದು ನಮ್ಮ ಕೈಲಾಗಲ್ಲ. ಆದರೆ ಹತ್ತು ಚದರ ಮೀಟರ್, ಅಂದರೆ ಎರಡು ಚಾಪೆ ಅಗಲದ ಮೂರು ಪಾತಿಗೆ 50 ಲೀಟರ್ ಸಾಕು. ಮೂರು ನಾಲ್ಕು ಬಿಂದಿಗೆ. ಜಲ ಜೀವನ್ ಯೋಜನೆಯ ಕಾಗದದಲ್ಲಿ ತಲೆಗೆ ದಿನಕ್ಕೆ 55 ಲೀಟರ್ ಅಂತ ಇದೆ. ಐದು ಜನರ ಮನೆಗೆ 275 ಲೀಟರ್. ಆ ನೀರು ನಿಜವಾಗಿ ಬಂದರೆ ಮೈ ತೊಳೆದ, ಪಾತ್ರೆ ತೊಳೆದ, ಅಕ್ಕಿ ತೊಳೆದ ನೀರೇ ಆ ಪಾತಿಗೆ ಸಾಕು, ಮಿಗುತ್ತದೆ. ಮಳೆ ನೀರಿನ ಲೆಕ್ಕ ಇನ್ನೂ ಸುಲಭ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಬರದ ಸೀಮೆಯಲ್ಲಿ ವರ್ಷಕ್ಕೆ 500 ಮಿಲಿಮೀಟರ್ ಬಿತ್ತು ಅಂತಿಟ್ಟುಕೊಳ್ಳಿ. 25 ಚದರ ಮೀಟರಿನ ಶೀಟು ಮನೆ ಮೇಲೆ 12,500 ಲೀಟರ್. ಸೋರಿ ಹಾರಿ ಹೋದದ್ದು ಬಿಟ್ಟು ಹತ್ತು ಸಾವಿರ ಸಿಕ್ಕರೂ ಇನ್ನೂರು ದಿನದ ನೀರು. ಆದರೆ ಹತ್ತು ಸಾವಿರ ಲೀಟರ್ ಹಿಡಿಯುವ ತೊಟ್ಟಿ ಎಲ್ಲಿ? ನಮ್ಮ ಹತ್ತಿರ ಇರೋದು 200 ಲೀಟರಿನ ಡ್ರಮ್ಮು, ನಾಲ್ಕು ದಿನಕ್ಕೆ ಖಾಲಿ. ಹಾಗಾಗಿ ಬೀಜದ ಪೊಟ್ಟಣ ತಂದ ಸಾಹೇಬರಿಗೆ ನಾವು ಹೇಳಬೇಕಾದ್ದು ಇದು: ಬೀಜ ನಮ್ಮ ಹತ್ತಿರ ಇದೆ ಸ್ವಾಮಿ, ಬೂದಿ ಬೆರೆಸಿ ಮಡಕೇಲಿ ಇಟ್ಟಿದ್ದೀವಿ. ನೀವು ತೊಟ್ಟಿ ಕೊಡಿ, ನಲ್ಲಿ ಕೊಡಿ, ಒಂದು ಗುಂಟೆ ನೆಲ ಕೊಡಿ.

ಇಲ್ಲಿ ನಮ್ಮ ಕೆಲವು ಗೆಳೆಯರು ಎದ್ದು ನಿಲ್ತಾರೆ. "ಬಾಬಾಸಾಹೇಬರು ಹಳ್ಳಿ ಬಿಡಿ ಅಂದರು, ನೀನು ಸೊಪ್ಪು ಬೆಳೀರಿ ಅಂತೀಯಲ್ಲ. ಓದಿ ನಗರಕ್ಕೆ ಬಂದವರ ಕೈಗೆ ಮತ್ತೆ ಸಗಣಿ ಬುಟ್ಟಿ ಕೊಡ್ತೀಯಾ?" ಈ ಮಾತಿನಲ್ಲಿ ಸಿಟ್ಟಿದೆ, ಆ ಸಿಟ್ಟಿಗೆ ಕಾರಣವೂ ಇದೆ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಹಳ್ಳಿಯನ್ನ ಹೊಗಳುವವರ ಮುಖಕ್ಕೆ ಹೊಡೆದಂತೆ ಮಾತಾಡಿದ್ದು ನಿಜ. ಆದರೆ ಅವರು 1918ರಲ್ಲೇ ಭಾರತದ ಸಣ್ಣ ಹಿಡುವಳಿಗಳ ಬಗ್ಗೆ ಒಂದು ದೊಡ್ಡ ಲೇಖನ ಬರೆದಿದ್ದರು ಅನ್ನೋದನ್ನ ಎಷ್ಟು ಜನ ಓದಿದ್ದೀರಿ? ಅದರಲ್ಲಿ ಅವರ ವಾದ ಏನು? ತುಂಡು ಚಿಕ್ಕದು ಅನ್ನೋ ಒಂದೇ ಕಾರಣಕ್ಕೆ ಬೇಸಾಯ ಕೆಡೋದಿಲ್ಲ. ಅದಕ್ಕೆ ತಕ್ಕ ಬಂಡವಾಳ, ಸಲಕರಣೆ ಇಲ್ಲದೆ, ಬರೀ ಜನ ಮಾತ್ರ ಅದರ ಮೇಲೆ ಬಿದ್ದಾಗ ಕೆಡುತ್ತದೆ. ಹೆಚ್ಚಾದ ಜನಕ್ಕೆ ಕೈಗಾರಿಕೆ ಕೆಲಸ ಬೇಕು ಅಂತ ಅವರು ಹೇಳಿದರು. 1947ರ 'ರಾಜ್ಯಗಳು ಮತ್ತು ಅಲ್ಪಸಂಖ್ಯಾತರು' ಕರಡಿನಲ್ಲಂತೂ ಭೂಮಿ ಸರ್ಕಾರದ್ದಾಗಬೇಕು, ಊರಿನವರು ಜಾತಿ ಭೇದ ಇಲ್ಲದೆ ಒಟ್ಟಾಗಿ ಉಳಬೇಕು, ನೀರು, ಬೀಜ, ಗೊಬ್ಬರ, ಎತ್ತು ಸರ್ಕಾರವೇ ಒದಗಿಸಬೇಕು ಅಂತ ಬರೆದರು. ಹಳ್ಳಿಯ ಜಾತಿಯನ್ನ ಬಿಡಿ ಅಂದವರು ಹಳ್ಳಿಯ ನೆಲ, ನೀರು ಬಿಟ್ಟುಕೊಡಿ ಅನ್ನಲಿಲ್ಲ.

ಸಗಣಿ ಬುಟ್ಟಿ ಅವಮಾನ ಆದದ್ದು ಯಾಕೆ? ಬುಟ್ಟಿ ನಮ್ಮ ತಲೆ ಮೇಲೆ, ಗೊಬ್ಬರ ಇನ್ನೊಬ್ಬನ ಹೊಲಕ್ಕೆ ಆದದ್ದರಿಂದ. ನಮ್ಮ ಹಿತ್ತಲಿಗೇ ಹಾಕೋ ಗೊಬ್ಬರದಲ್ಲಿ ಯಾವ ಅವಮಾನ? ಊರಿಂದ ತಾಯಿ ಬುತ್ತಿ ಕಟ್ಟಿ ತಂದ ಸೊಪ್ಪಿನ ಸಾರನ್ನ ಮೂಲೆಗೆ ಇಟ್ಟು ಕ್ಯಾಂಟೀನಿಗೆ ಹೋಗುವ ಹುಡುಗರನ್ನ ಹಾಸ್ಟೆಲ್‌ಗಳಲ್ಲಿ ನೋಡಿದ್ದೀನಿ. ಅವರಿಗೆ ಬೈಯುವ ಮುಂಚೆ, ಅವರಿಗೆ ಆ ನಾಚಿಕೆ ಕಲಿಸಿದವರು ಯಾರು ಅಂತ ಕೇಳಬೇಕು.

ಹಾಸ್ಟೆಲ್ ವಿಷಯ ಬಂದಿತಲ್ಲ, ಅಲ್ಲೂ ಒಂದು ಎಚ್ಚರಿಕೆ. ನಾನಿದ್ದ ಹಾಸ್ಟೆಲಿನಲ್ಲಿ ಒಬ್ಬ ದೊಡ್ಡ ಮನುಷ್ಯರು ಬಂದು "ಹಿಂದೆ ಜಾಗ ಇದೆಯಲ್ಲ, ನೀವೇ ತರಕಾರಿ ಬೆಳ್ಕೊಳ್ಳಿ, ಸ್ವಾವಲಂಬನೆ ಕಲೀರಿ" ಅಂದರು. ನಾವು ಬೆಳೆದೆವು, ಬದನೆ ಚೆನ್ನಾಗೇ ಬಂತು. ಮುಂದಿನ ತಿಂಗಳು ಮೆಸ್ಸಿಗೆ ಬರೋ ತರಕಾರಿ ಅರ್ಧ ಆಯಿತು, ಲೆಕ್ಕದ ಪುಸ್ತಕದಲ್ಲಿ ಮಾತ್ರ ಪೂರ್ತಿ ಇತ್ತು. ಹಾಗಾಗಿ ಹಾಸ್ಟೆಲಿನಲ್ಲಿ ಪಾತಿ ಮಾಡುವವರು ಮೊದಲು ಮೆಸ್ ಲೆಕ್ಕದ ನಕಲು ಕೇಳಿ. ಮಾಹಿತಿ ಹಕ್ಕು ಕಾಯ್ದೆ 2005ರಿಂದ ಇದೆ, ಹತ್ತು ರೂಪಾಯಿ ಸಾಕು. ನಾವು ಬೆಳೆದದ್ದು ಸರ್ಕಾರ ಕೊಡಬೇಕಾದ್ದರ ಮೇಲೆ ಹೆಚ್ಚುವರಿ ಆಗಬೇಕು, ಅದರ ಬದಲಿಗೆ ಅಲ್ಲ. ನೂರು ಹುಡುಗರ ಸ್ನಾನದ ನೀರು ಮೋರಿಗೆ ಹೋಗಿ ಸೊಳ್ಳೆ ಸಾಕುತ್ತದೆ. ಅದನ್ನ ತಿರುಗಿಸಿದರೆ ಪಪ್ಪಾಯಿ, ಬಾಳೆ, ನುಗ್ಗೆ ಬೆಳೀಬಹುದು. ಸೋಪಿನ ನೀರು ಅಂಥ ದೊಡ್ಡ ಗಿಡಕ್ಕೆ ಇರಲಿ. ಹಸಿ ತಿನ್ನೋ ಸೊಪ್ಪಿಗೆ ಬೇಡ.

ಈ ಮುಂಗಾರಿಗೆ ಊರಿಗೆ ಹೋಗುವವರಿಗೆ ನಾಲ್ಕು ಮಾತು, ಇವೂ ನಮ್ಮ ಹೆಂಗಸರ ಹತ್ತಿರ ಕಲಿತದ್ದೇ. ಪಾತಿಯನ್ನ ಎತ್ತರಕ್ಕೆ ಏರಿಸಬೇಡಿ, ಅದು ಮಲೆನಾಡಿನ ಬುದ್ಧಿ. ನಮ್ಮ ಕಡೆ ನೆಲಕ್ಕಿಂತ ಅರ್ಧ ಅಡಿ ತಗ್ಗಿಸಿ, ಬಿದ್ದ ಹನಿ ಅಲ್ಲೇ ನಿಲ್ಲಲಿ. ಮಣ್ಣು ಬರಿಮೈ ಬಿಡಬೇಡಿ, ಹೊಂಗೆ ಎಲೆ, ತೆಂಗಿನ ಮಟ್ಟೆ, ಕಳೆ ಕಿತ್ತದ್ದು, ಏನು ಸಿಕ್ಕರೂ ಹೊದಿಸಿ. ನೀರು ಸಂಜೆ ಹಾಕಿ. ಮೆರುಗು ಹಾಕದ ಮಣ್ಣಿನ ಮಡಕೆಯನ್ನ ಕುತ್ತಿಗೆವರೆಗೆ ಹೂತು, ಸುತ್ತ ಸೌತೆ, ಹೀರೆ, ಸೋರೆ ಬೀಜ ಊರಿ, ಮಡಕೆಗೆ ನೀರು ತುಂಬಿ ಬಾಯಿ ಮುಚ್ಚಿ. ಮಡಕೆ ಬೆವರಿದಷ್ಟೇ ನೀರು ಬೇರಿಗೆ. ಎರಡು ಮೂರು ದಿನಕ್ಕೊಮ್ಮೆ ತುಂಬಿದರೆ ಆಯಿತು, ಬಿಸಿಲಿಗೆ ಆರಿ ಹೋಗೋದು ಬಹಳ ಕಡಿಮೆ. ದಂಟು, ಕೀರೆ ತಿಂಗಳೊಳಗೆ ಕೊಯ್ಲಿಗೆ ಬರ್ತವೆ, ಒಂದು ಚದರ ಮೀಟರಿಗೆ ಒಂದು ಕೆಜಿ ಹತ್ತಿರ. ನುಗ್ಗೆ ಕೊಂಬೆ ಒಂದು ಊರಿ, ಬದುಕಿದ ಮೇಲೆ ಅದು ನಿಮ್ಮನ್ನ ನೀರು ಕೇಳಲ್ಲ. ಅವರೆಯನ್ನ ಬೇಲಿಗೆ ಹಬ್ಬಿಸಿ, ಕಾರ್ತೀಕದ ಇಬ್ಬನಿ ಕುಡಿದು ಸೊಗಡು ಕಟ್ಟಿಕೊಳ್ಳುತ್ತದೆ. ಇದರಿಂದ ಬಡತನ ಹೋಗಲ್ಲ. ವಾರಕ್ಕೆ ನಾಲ್ಕು ದಿನ ಬಸ್ಸಾರು ಆಗ್ತದೆ, ಗೌಡರ ಹಿತ್ತಲ ಮುಂದೆ ಒಂದು ಹಿಡಿ ಕರಿಬೇವಿಗೆ ನಿಲ್ಲೋದು ತಪ್ಪುತ್ತದೆ. ನನಗೆ ಎರಡನೇದು ಮೊದಲನೇದಕ್ಕಿಂತ ಕಡಿಮೆ ಅನ್ನಿಸಲ್ಲ.

ಮುಂದಿನ ಸಭೆಗೆ ಬರುವಾಗ ಪ್ರತಿಯೊಬ್ಬರೂ ನಿಮ್ಮ ಊರಿನ ಮೂರು ವಿಷಯ ಬರೆದು ತನ್ನಿ. ಕೇರಿಯ ನಲ್ಲಿಗೆ ದಿನಕ್ಕೆ ಎಷ್ಟು ಹೊತ್ತು ನೀರು ಬರುತ್ತದೆ, ಊರೊಳಗೆ ಎಷ್ಟು ಹೊತ್ತು ಬರುತ್ತದೆ. ಕೇರಿಯಲ್ಲಿ ಎಷ್ಟು ಮನೆ, ಅದರಲ್ಲಿ ಎಷ್ಟು ಮನೆಗೆ ಹಿತ್ತಲಿದೆ. ಊರಿನ ಗೋಮಾಳ, ಸರ್ಕಾರಿ ಖರಾಬು ಯಾವ ಸರ್ವೆ ನಂಬರಿನಲ್ಲಿ ಎಷ್ಟು ಎಕರೆ, ಅದನ್ನ ಈಗ ಯಾರು ಉಳುತ್ತಿದ್ದಾರೆ. ಪಹಣಿ ನಾಡಕಚೇರಿಯಲ್ಲಿ ಸಿಗುತ್ತದೆ, ಉಳುತ್ತಿರುವವರ ಹೆಸರು ಅವ್ವನನ್ನ ಕೇಳಿದರೆ ಗೊತ್ತಾಗುತ್ತದೆ. ಮನೆಗೊಂದು ಗುಂಟೆ ಹಿತ್ತಲು, ಹಿತ್ತಲಿಗೊಂದು ತೊಟ್ಟಿ ಅಂತ ತಹಸೀಲ್ದಾರರಿಗೆ ಕೊಡುವ ಅರ್ಜಿಯನ್ನ ಆ ಲೆಕ್ಕ ಇಟ್ಟುಕೊಂಡು ಬರೆಯೋಣ. ಹುಡುಗಿಯರ ಹಾಸ್ಟೆಲಿನವರು ತಪ್ಪದೆ ಬನ್ನಿ. ಹಕ್ಕುಪತ್ರ ಗಂಡನ ಹೆಸರಿಗಾ ಹೆಂಡತಿ ಹೆಸರಿಗಾ ಅನ್ನೋದು ಅವತ್ತೇ ತೀರ್ಮಾನ ಆಗಬೇಕು, ಅದನ್ನ ನಾವು ಗಂಡಸರೇ ಕೂತು ಮುಗಿಸೋದು ಬೇಡ.